ಚಿಂತಾಮಣಿ ಮಿಸ್ಸಿನ ‘ಹಾರ್ಡ್’

ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಹೂ ಕೊಳ್ಳುತ್ತಾ ನಿಂತಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕಾಲಿಗೆ ನಮಸ್ಕಾರ ಮಾಡಿ, “ಮಿಸ್, ನಮ್ಮ ಚಿಂತಾಮಣಿ ಮಿಸ್ ಹೋಗ್ಬಿಟ್ರಂತೆ” ಅಂದಳು. ಅವಳ ಕಣ್ಣು ತುಂಬಿತ್ತು. “ನೀವಿಬ್ರೂ ಅಷ್ಟೊಂದು ಫ್ರೆಂಡ್ಸು. ನಿಮಗೆಷ್ಟು ಸಂಕಟ ಆಗ್ತಿದೆಯೋ” ಎಂದು ಅವಳೇ ನನ್ನ ಕೈ ಹಿಡಿದು ಸಮಾಧಾನ ಮಾಡಿದಳು. ನಾನು ತಲೆಯಾಡಿಸಿದೆ.

ನೋಡಿದವರಿಗೆ ಅದು ಸ್ನೇಹವೇ. ನಾವಿಬ್ಬರೂ ಗೌರಿಬಿದನೂರಿನಲ್ಲೇ ಮನೆ ಮಾಡಿದ್ದೆವು. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಎದುರುಬದುರು ಕೂತು ತೊಂಡೇಬಾವಿಗೆ ಹೋಗಿ, ಅಲ್ಲಿಂದ ಶಾಲೆಗೆ ನಡೆಯುತ್ತಿದ್ದೆವು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಆದರೆ ಆ ದಿನಗಳಲ್ಲಿ ನಾನು ಅವರ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಇನ್ಯಾರ ಮೇಲೂ ಪಟ್ಟಿಲ್ಲ. ಒಡವೆ ಸೀರೆ ಕೊಂಡವರು, ಮನೆ ಕಟ್ಟಿಸಿದವರು, ಮಕ್ಕಳಿಗೆ ಒಳ್ಳೆಯ ಕೆಲಸ ಸಿಕ್ಕವರು ಯಾರೂ ನನ್ನ ನಿದ್ದೆ ಕೆಡಿಸಿದವರಲ್ಲ. ಅವರು ಕೆಡಿಸಿದರು.

ಅವರು ನಮ್ಮ ಶಾಲೆಗೆ ಬಂದದ್ದು ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ಆದ ವರ್ಷ. ಚಿಕ್ಕಬಳ್ಳಾಪುರ ಆಗತಾನೇ ಜಿಲ್ಲೆಯಾಗಿತ್ತು. ಅಲ್ಲಿಯವರೆಗೆ ಇಂಗ್ಲಿಷ್ ಐದನೇ ತರಗತಿಯಿಂದ ಇತ್ತು, ಅದು ನನ್ನ ವಿಷಯ. ಮದುವೆಯಾದ ಮೇಲೆ, ಮಗಳು ಮಲಗಿದ ಮೇಲೆ ಓದಿ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿಕೊಂಡಿದ್ದೆ. ಶಾಲೆಯಲ್ಲಿ ನನ್ನನ್ನು ‘ಇಂಗ್ಲಿಷ್ ಮಿಸ್’ ಅಂತಲೇ ಕರೆಯುತ್ತಿದ್ದರು. ಚಿಕ್ಕ ಮಕ್ಕಳ ಇಂಗ್ಲಿಷ್ ಕೂಡ ನನಗೇ ಬರುತ್ತದೆ ಅಂದುಕೊಂಡಿದ್ದೆ. ಹೆಡ್‌ಮಾಸ್ಟರು ಅದನ್ನು ಚಿಂತಾಮಣಿಯಿಂದ ವರ್ಗವಾಗಿ ಬಂದ ಈ ಹೊಸಬರಿಗೆ ಕೊಟ್ಟರು. ಮಕ್ಕಳು ಮೊದಲ ವಾರದಲ್ಲೇ ಅವರನ್ನು ‘ಚಿಂತಾಮಣಿ ಮಿಸ್’ ಮಾಡಿಕೊಂಡವು, ಆಮೇಲೆ ನಮಗೂ ಅದೇ ಹೆಸರಾಯಿತು.

ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಕುಳ್ಳಗೆ, ದಪ್ಪಗೆ ಇದ್ದರು. ಗಿಳಿಹಸಿರು, ಕುಂಕುಮಗೆಂಪು ಇಂಥ ಕಣ್ಣು ಕುಕ್ಕುವ ಬಣ್ಣದ ಸೀರೆಗಳನ್ನೇ ಉಡುತ್ತಿದ್ದರು. “ಒಂದನೇ ಕ್ಲಾಸಿನವು ನನ್ನನ್ನ ದೂರದಿಂದಲೇ ಗುರ್ತು ಹಿಡೀಬೇಕು ಕಣಮ್ಮ” ಅನ್ನುವುದು ಅವರ ಸಮಜಾಯಿಷಿ. ಅವರ ಯಜಮಾನರಿಗೆ ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಂಡಿ ಇತ್ತು. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಬಸ್ಸು ಹತ್ತಿ ಹೋಗಿ, ಸೋಮವಾರ ಒಂದು ಚೀಲ ಟೊಮೆಟೊ ಹೊತ್ತು ತರುತ್ತಿದ್ದರು. ಕನ್ನಡ ಮಾತಾಡುತ್ತಾ ಮಾತಾಡುತ್ತಾ ತೆಲುಗಿಗೆ ಜಾರಿ, ತಾವು ಜಾರಿದ್ದು ತಮಗೇ ತಿಳಿಯದೆ ಮುಂದೆ ಹೋಗಿಬಿಡುತ್ತಿದ್ದರು.

ಅವರು ಶಿಸ್ತಿನ ಟೀಚರಂತೂ ಅಲ್ಲ. ಹಾಜರಿ ಪುಸ್ತಕ ಯಾವತ್ತೂ ಅರ್ಧ. ಪಾಠ ಯೋಜನೆ ಬರೆಯಲು ನನ್ನ ಪೆನ್ನು ಇಸ್ಕೊಂಡರೆ ಪೆನ್ನೂ ಇಲ್ಲ, ಯೋಜನೆಯೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ ತಮ್ಮ ಡಬ್ಬಿ ತೆಗೆಯುವ ಮೊದಲೇ ನನ್ನ ಡಬ್ಬಿಯ ಹುರಳೀಕಾಳಿನ ಬಸ್ಸಾರಿಗೆ ಬೆರಳದ್ದಿ ರುಚಿ ನೋಡಿ, “ಉಪ್ಪು ಒಂಚೂರು ಕಮ್ಮಿ” ಅನ್ನುತ್ತಿದ್ದರು. ಅವರ ಹಾಡಂತೂ ದೇವರೇ ಗತಿ. ಇಂಗ್ಲಿಷ್ ಶಿಶುಗೀತೆಗಳನ್ನು ರಾಗವೇ ಇಲ್ಲದೆ, ಸಂತೆಯಲ್ಲಿ ಸೊಪ್ಪು ಕೂಗಿದ ಹಾಗೆ ಹಾಡುತ್ತಿದ್ದರು. ಇಡೀ ಒಂದನೇ ತರಗತಿ ಆ ಅಪಸ್ವರವನ್ನೇ ಒಂದಿಷ್ಟೂ ತಪ್ಪದೆ ಕಲಿತಿತ್ತು. ಪಕ್ಕದ ಕೋಣೆಯಲ್ಲಿ ಕೂತು ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಆ ಕೋಣೆಯಿಂದ ಬರುತ್ತಿದ್ದ ಮಕ್ಕಳ ದನಿ ಕೇಳಿದಾಗ ನಗು ಬಹಳ ಹೊತ್ತು ಉಳಿಯುತ್ತಿರಲಿಲ್ಲ. ನನ್ನ ಐದನೇ ತರಗತಿಯ ಮಕ್ಕಳು ಇಂಗ್ಲಿಷ್ ಓದೆಂದರೆ ಪುಸ್ತಕದೊಳಗೆ ಮುಖ ಹುದುಗಿಸಿ ಪಿಸುಗುಡುತ್ತಿದ್ದವು. ಅಲ್ಲಿ ಆರು ವರ್ಷದವು ಗಂಟಲು ಬಿಟ್ಟು ಮಾತಾಡುತ್ತಿದ್ದವು.

“ಗಟ್ಟಿಯಾಗಿ ಹೇಳು” ಅನ್ನುವುದು ಅವರ ಮಂತ್ರ. ತೆಲುಗಿನ ಮಕ್ಕಳಿಗೆ “ಗಟ್ಟಿಗಾ ಚೆಪ್ಪು”. ಮೇಜಿನ ಹಿಂದೆ ಕೂತು ಹೇಳುತ್ತಿರಲಿಲ್ಲ. ಮಗುವಿನ ಎದುರಿಗೆ ನೆಲದ ಮೇಲೆ ಕೂತು, ಅದರ ಗಲ್ಲ ಹಿಡಿದು ಮುಖ ಎತ್ತಿ, ಬಾಯಿಯನ್ನೇ ನೋಡುತ್ತಾ ಕೇಳುತ್ತಿದ್ದರು. ಮಗು ಪದವನ್ನು ಬಾಯಿ ತುಂಬ ಹೇಳುವವರೆಗೆ ಬಿಡುತ್ತಿರಲಿಲ್ಲ. ಹೇಳಿದ ಮೇಲೆ ಅವರ ಮುಖ ಅರಳುತ್ತಿದ್ದ ರೀತಿ ಇದೆಯಲ್ಲ, ಅದಕ್ಕಾಗಿ ಮಕ್ಕಳು ಸಾಲುಗಟ್ಟುತ್ತಿದ್ದವು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಯಾರಾದರೂ ಕೇಳಿದ್ದಾರಾ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಒಂದು ದಿನ ಐದನೇ ತರಗತಿಯಲ್ಲಿ ‘ಹಾರ್ಡ್’ ಅನ್ನುವ ಪದ ಬಂತು. ನಾನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಅರ್ಥ ಬರೆದೆ: ಗಟ್ಟಿ, ಕಠಿಣ, ಕಷ್ಟಕರ. ಮಕ್ಕಳು ಬರೆದುಕೊಂಡವು. ಆಮೇಲೆ ‘ದಿ ಸಮ್ ಈಸ್ ಹಾರ್ಡ್’ ಅಂದರೇನು ಎಂದು ಕೇಳಿದೆ. ಒಬ್ಬ ಎದ್ದು ನಿಂತು, “ಲೆಕ್ಕ ಗಟ್ಟಿಯಾಗಿದೆ ಮಿಸ್” ಅಂದ. ನಾನು ತಲೆ ಚಚ್ಚಿಕೊಂಡೆ. ಸಂಜೆ ಗಾಡಿಯಲ್ಲಿ ಇದನ್ನೇ ನಗೆಚಾಟಿಕೆಯಾಗಿ ಅವರಿಗೆ ಹೇಳಿದೆ. ಅವರು ನಗಲಿಲ್ಲ.

“ಸರಿಯಾಗೇ ಹೇಳಿದಾನಲ್ಲ ಮೇಡಂ.”

“ಎಲ್ಲಿ ಸರಿ? ಲೆಕ್ಕ ಎಲ್ಲಾದ್ರೂ ಗಟ್ಟಿ ಇರುತ್ತಾ?”

“ಹಲ್ಲಿಗೆ ಬಗ್ಗದೆ ಇರೋದು ಗಟ್ಟಿ. ತಲೆಗೆ ಬಗ್ಗದೆ ಇರೋದೂ ಗಟ್ಟಿ. ಅವನಿಗೆ ಅರ್ಥ ಆಗಿದೆ, ಕನ್ನಡದಲ್ಲಿ ಹಂಗೆ ಹೇಳಲ್ಲ ಅಷ್ಟೇ.” ಕಿಟಕಿಯ ಕಡೆ ತಿರುಗಿ, “ಈ ಹಾರ್ಡ್ ನಮ್ಮ ಚಿಕ್ಕವುಗಳಿಗೂ ಚೆನ್ನಾಗಿರುತ್ತೆ” ಅಂದರು.

ಮಾರನೆಯ ದಿನ ಅವರ ಡಬ್ಬಿಯಲ್ಲಿ ಹಿಂದಿನ ರಾತ್ರಿಯ ರಾಗಿಮುದ್ದೆ ಇತ್ತು, ಒಣಗಿ ಕಲ್ಲಾಗಿತ್ತು. ಚೂರು ಚೂರು ಮಾಡಿ ಮಕ್ಕಳಿಗೆ ಕಚ್ಚಲು ಕೊಟ್ಟರು. “ಹಾರ್ಡ್” ಅಂದರು. ಮಕ್ಕಳು ಕಚ್ಚಿ, ಮುಖ ಕಿವುಚಿ, “ಹಾರ್ಡ್” ಅಂದವು. ಆಮೇಲೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಹುಣಸೆಮರ ತೋರಿಸಿ, “ಎಲೆ ಎಷ್ಟಿದಾವೆ ಹೇಳಿ” ಅಂದರು. ಮಕ್ಕಳು ಬಾಯಿ ತೆರೆದು ಮೇಲೆ ನೋಡಿದವು. “ಇದೂ ಹಾರ್ಡ್. ಮುದ್ದೆ ಹಲ್ಲಿಗೆ ಹಾರ್ಡು, ಇದು ತಲೆಗೆ ಹಾರ್ಡು.” ಅಲ್ಲಿಂದ ಬೋರ್‌ವೆಲ್ ಹತ್ತಿರ ಕೂರಿಸಿ ಕೈಗೆ ಸೋಪು ಉಜ್ಜಿಸಿದರು. ನಮ್ಮ ಕಡೆಯ ಬೋರಿನ ನೀರು ಗೊತ್ತಲ್ಲ, ಎಷ್ಟು ಉಜ್ಜಿದರೂ ನೊರೆಯಿಲ್ಲ. “ಹಾರ್ಡ್ ವಾಟರ್” ಅಂದರು.

ಒಂದು ಹುಡುಗಿ ನೀರಿನೊಳಗೆ ಬೆರಳಾಡಿಸಿ ನೋಡಿ, “ಮೆತ್ತಗೇ ಇದೆಯಲ್ಲ ಮಿಸ್” ಅಂದಳು.

“ನಿನಗೆ ಮೆತ್ತಗಿದೆ ಕಣಮ್ಮ. ಪಾಪ, ಸೋಪನ್ನ ಕೇಳು.”

ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ನನ್ನ ತರಗತಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಯಾವುದು ಯಾರಿಗೆ ಹಾರ್ಡು ಅನ್ನುವ ಒಂದೇ ಎಳೆಯಲ್ಲಿ ಅಷ್ಟೂ ಅರ್ಥಗಳನ್ನು ಪೋಣಿಸಿಬಿಟ್ಟಿದ್ದರು. ನಿಘಂಟಿನಲ್ಲಿ ಆ ಪದಕ್ಕೆ ಇರುವ ಅರ್ಥಗಳು ನನಗೆ ಬಾಯಿಪಾಠವಿದ್ದವು, ಆ ಎಳೆ ಮಾತ್ರ ಎಂದೂ ಕಂಡಿರಲಿಲ್ಲ.

ಆ ವಾರವಿಡೀ ಮಕ್ಕಳು ಕಂಡಕಂಡದ್ದಕ್ಕೆಲ್ಲ ‘ಹಾರ್ಡ್’ ಅಂಟಿಸಿದವು. ಬೆಂಚು ಹಾರ್ಡು, ಮಗ್ಗಿ ಹಾರ್ಡು, ಬೀಗ ತೆಗೆಯುವುದು ಹಾರ್ಡು, ಹೆಡ್‌ಮಾಸ್ಟರು ಹಾರ್ಡು. ಒಂದು ಬೆಳಿಗ್ಗೆ ರಮಾದೇವಿ ಅನ್ನುವ ಪುಟ್ಟ ಹುಡುಗಿ ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ಅವರ ಮನೆಯ ಎಳೆಗರು ಸತ್ತುಹೋಗಿತ್ತಂತೆ. ಯಾಕಮ್ಮ ಲೇಟು ಎಂದು ಕೇಳಿದ್ದಕ್ಕೆ ಅವಳು, “ಟುಡೇ ಈಸ್ ಹಾರ್ಡ್ ಮಿಸ್” ಅಂದಳು. ಅಂದವಳೇ ಅತ್ತಳು. ಅವರು ಅವಳನ್ನು ಮಡಿಲಿಗೆ ಎಳೆದುಕೊಂಡರು. ನಾನು ಆಗ ಚಾಕ್‌ಪೀಸು ಕೇಳಲು ಅಲ್ಲಿಗೆ ಹೋಗಿದ್ದೆ. ಅಷ್ಟು ವರ್ಷಗಳಲ್ಲಿ ನನ್ನ ಒಂದು ಮಗುವೂ ತನ್ನ ಮನಸ್ಸಿನಿಂದ ಹೊರಟ ಒಂದು ಇಂಗ್ಲಿಷ್ ವಾಕ್ಯವನ್ನು ನನಗೆ ಹೇಳಿರಲಿಲ್ಲ. ಚಾಕ್‌ಪೀಸು ತೆಗೆದುಕೊಳ್ಳದೇ ವಾಪಸ್ಸು ಬಂದೆ. ಮಗುವಿನ ದುಃಖಕ್ಕೆ ಮರುಗಬೇಕಾದ ಹೊತ್ತಿನಲ್ಲೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಬೇರೆಯೇ.

ಅವರದೊಂದು ಗುಟ್ಟು ನನಗೆ ಗೊತ್ತಾದದ್ದು ತೊಂಡೇಬಾವಿ ಸ್ಟೇಷನ್ನಿನಲ್ಲಿ. ಗಾಡಿ ಇಳಿದವರು ಹಳಿ ದಾಟಿ ಆಚೆಗೆ ಹೋಗುವುದು ರೂಢಿ. ಅವತ್ತು ಅವರು ನನಗಿಂತ ಹತ್ತು ಹೆಜ್ಜೆ ಮುಂದಿದ್ದರು. ಆಚೆ ಹಳಿಯ ಮೇಲೆ ಗೂಡ್ಸ್ ಗಾಡಿ ಬರುತ್ತಿತ್ತು, ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವರು ತಿರುಗಿಯೂ ನೋಡದೆ ನಡೆದರು. “ಮೇಡಂ” ಎಂದು ಕೂಗಿದೆ. ಮತ್ತೆ ಕೂಗಿದೆ. ಓಡಿಹೋಗಿ ಅವರ ಸೆರಗು ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಜಲ್ಲಿಯ ಮೇಲೆ ಕುಸಿದು ಕೂತೆವು. ಗೂಡ್ಸು ನಮ್ಮ ಮುಂದೆ ಹಾದುಹೋಗುತ್ತಲೇ ಇತ್ತು.

ಗಾಡಿ ಹೋದ ಮೇಲೆ ನಾನು, “ಅಷ್ಟು ಜೋರಾಗಿ ಹಾರ್ನ್ ಹೊಡೀತಿತ್ತಲ್ಲ, ಕೇಳಿಸ್ಲಿಲ್ವಾ?” ಅಂದೆ.

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. “ಇಲ್ಲ ಕಣಮ್ಮ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀನೂ ವರ್ಷ ವರ್ಷ ಇಳೀತಿದೆ. ಎದುರಿಗಿದ್ದವರ ಬಾಯಿ ನೋಡಿ ಮಾತು ಹಿಡೀತೀನಿ.”

“ಯಾರಿಗೂ ಹೇಳಿಲ್ವಾ? ಕಿವಿಗೆ ಮಿಷನ್ ಹಾಕಿಸ್ಕೋಬಹುದಲ್ಲ?”

“ಹಾಕಿಸ್ಕೊಂಡ್ರೆ ಎಲ್ಲರಿಗೂ ಕಾಣುತ್ತಲ್ಲ. ಮಕ್ಕಳು ತಪ್ಪು ಹೇಳಿದ್ರೆ ಈ ಮೇಡಂಗೆ ಕೇಳೋದೇ ಇಲ್ಲ, ಇನ್ನು ಇಂಗ್ಲಿಷ್ ಹೆಂಗೆ ಕಲಿಸ್ತಾರೆ ಅಂತಾರೆ. ಕ್ಲಾಸಿಂದ ಎಬ್ಬಿಸಿ ಯಾವುದಾದ್ರೂ ಆಫೀಸಲ್ಲಿ ಕೂರಿಸ್ತಾರೆ. ಮಕ್ಕಳನ್ನ ಬಿಟ್ಟು ನಾನು ಏನು ಮಾಡ್ಲಿ ಅಲ್ಲಿ?” ಸೀರೆಯ ಧೂಳು ಕೊಡವಿಕೊಳ್ಳುತ್ತಾ ಅವರು ನನ್ನ ಮುಖ ನೋಡಲಿಲ್ಲ. “ನಿಮ್ಮ ಹತ್ರಾನೇ ಇರ್ಲಿ ಮೇಡಂ.”

ಇರಲಿ ಅಂದೆ. ಆ ರಾತ್ರಿ ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಅವರು ನನ್ನ ಪಕ್ಕ ಕೂರದೆ ಯಾವಾಗಲೂ ಎದುರಿಗೆ ಕೂರುತ್ತಿದ್ದದ್ದು, ಆ ಅಪಸ್ವರ, ನೆಲದ ಮೇಲೆ ಕೂತು ಮಗುವಿನ ಗಲ್ಲ ಎತ್ತುತ್ತಿದ್ದದ್ದು, ‘ಗಟ್ಟಿಯಾಗಿ ಹೇಳು’. ಕಿವಿ ಕೇಳದ್ದಕ್ಕೆ ಅವರು ಕಂಡುಕೊಂಡ ಉಪಾಯವೇ ಮಕ್ಕಳಿಗೆ ಪಾಠವಾಗಿತ್ತು. ಇದು ತಿಳಿದ ಮೇಲೆ ನನ್ನ ಹೊಟ್ಟೆಯುರಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇಲ್ಲದ ಕಿವಿಯಿಂದಲೂ ಅವರಿಗೆ ಇಷ್ಟು ಸಿಕ್ಕಿತಲ್ಲ ಅನ್ನಿಸಿತು. ನನ್ನ ಎರಡು ಕಿವಿಗಳೂ ಚೆನ್ನಾಗಿದ್ದವು. ಅವು ನನಗೇನು ಕೊಟ್ಟಿದ್ದವು?

ಮುಂದಿನ ವರ್ಷ ಜಿಲ್ಲೆಯ ಒಂದನೇ ತರಗತಿ ಟೀಚರುಗಳಿಗೆ ಇಂಗ್ಲಿಷ್ ಕಲಿಸುವ ತರಬೇತಿ ಕೊಡಲು ಸಂಪನ್ಮೂಲ ವ್ಯಕ್ತಿಯನ್ನು ಆರಿಸಬೇಕಿತ್ತು. ನಮ್ಮ ತಾಲ್ಲೂಕಿನಿಂದ ಒಬ್ಬರು. ಹೆಡ್‌ಮಾಸ್ಟರು ನಮ್ಮಿಬ್ಬರ ಹೆಸರನ್ನೂ ಕಳಿಸಿದ್ದರು. ಗೌರಿಬಿದನೂರಿನ ಒಂದು ಶಾಲೆಯ ಹಾಲಿನಲ್ಲಿ ಅಲ್ಲಿಯ ಮಕ್ಕಳಿಗೇ ಪಾಠ ಮಾಡಿ ತೋರಿಸಬೇಕಿತ್ತು. ಒಂದು ಇಂಗ್ಲಿಷ್ ಪದ, ಅದರ ಬೇರೆ ಬೇರೆ ಅರ್ಥ. ಟೀಚರುಗಳು ಸುತ್ತ ಬೆಂಚಿನ ಮೇಲೆ, ಅಧಿಕಾರಿಗಳು ಹಿಂದುಗಡೆ ಕುರ್ಚಿಗಳಲ್ಲಿ.

ಒಳಗೆ ಹೋಗುವ ಮೊದಲು ಅವರು ನನ್ನ ಮೊಣಕೈ ಹಿಡಿದರು. “ಮೇಡಂ, ಹಿಂದೆ ಕೂತವರು ಕೇಳಿದ್ದು ನನಗೆ ತಿಳಿಯಲ್ಲ. ನೀವು ನನಗೆ ಕಾಣೋ ಹಂಗೆ ಮುಂದೆ ಕೂತ್ಕೊಳ್ಳಿ. ಅವರೇನು ಕೇಳಿದ್ರು ಅನ್ನೋದನ್ನ ನೀವೊಂದು ಸಲ ಹೇಳಿ.” ನಾನೂ ಅದೇ ಸ್ಥಾನಕ್ಕೆ ಬಂದವಳು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ನಂಬಿದರೋ, ನನಗೆ ಇವತ್ತಿಗೂ ತಿಳಿಯದು.

ಮೊದಲು ನನ್ನ ಪಾಠ. ನಾನು ‘ಲೈಟ್’ ಪದ ಆರಿಸಿಕೊಂಡಿದ್ದೆ. ಬೆಳಕು, ಹಗುರ, ತಿಳಿಬಣ್ಣ, ಎಲ್ಲಕ್ಕೂ ಚಿತ್ರ ಬರೆದ ಚಾರ್ಟ್ ಮಾಡಿದ್ದೆ. ಒಂದು ಅಕ್ಷರ ತಪ್ಪಿರಲಿಲ್ಲ. ಮಕ್ಕಳು ನಾನು ಹೇಳಿದ್ದನ್ನು ಹೇಳಿದವು, ಎಲ್ಲರೂ ಚಪ್ಪಾಳೆ ತಟ್ಟಿದರು, ಆಯಿತು.

ಅವರು ‘ಹಾರ್ಡ್’ ಹಿಡಿದರು. ಒಣ ಮುದ್ದೆಯೇ ಮತ್ತೆ. ಅಪರಿಚಿತ ಮಕ್ಕಳು ಹತ್ತು ನಿಮಿಷದಲ್ಲಿ ಅವರ ಸುತ್ತ ಮುತ್ತಿದವು. ಕೊನೆಗೆ ಅಲ್ಲಿದ್ದ ದೊಡ್ಡ ಮೇಜನ್ನು ಮಕ್ಕಳ ಕೈಲಿ ತಳ್ಳಿಸುತ್ತಾ “ಪುಷ್ ಹಾರ್ಡ್, ಪುಷ್ ಹಾರ್ಡ್” ಅಂದರು. ಮೇಜು ಕಿರುಗುಟ್ಟುತ್ತಾ ಸರಿಯಿತು. ಟೀಚರುಗಳೆಲ್ಲ ನಗುತ್ತಿದ್ದರು. ಹಿಂದಿನಿಂದ ಒಬ್ಬ ಅಧಿಕಾರಿ ಕೂತಲ್ಲಿಂದಲೇ ಕೇಳಿದರು. “ಮೇಡಂ, ‘ಮುದ್ದೆ ಹಾರ್ಡ್’ ಅನ್ನೋವಾಗ ಹಾರ್ಡ್ ಗುಣವಾಚಕ, ಸರಿ. ‘ಪುಷ್ ಹಾರ್ಡ್’ನಲ್ಲೂ ಅದು ಗುಣವಾಚಕಾನಾ?”

ಇಂಥದೊಂದು ವ್ಯಾಕರಣದ ಪ್ರಶ್ನೆಯಲ್ಲಿ ಅವರು ಸಿಕ್ಕಿಬೀಳಲೆಂದೇ ನಾನು ಒಂದು ವರ್ಷದಿಂದ ಕಾದಿದ್ದೆ. ಗಾಡಿಯಲ್ಲಿ ಎಷ್ಟೋ ಸಲ ನಾಲಗೆಯ ತುದಿಗೆ ಬಂದು ನುಂಗಿಕೊಂಡಿದ್ದೆ. ಹಾಲ್‌ನಲ್ಲಿ ಸದ್ದಡಗಿತು. ಅವರು ಮಕ್ಕಳ ಕಡೆಗೇ ನೋಡುತ್ತಾ ನಿಂತಿದ್ದರು. ಪ್ರಶ್ನೆ ಬಂದದ್ದೇ ಅವರಿಗೆ ತಿಳಿದಿರಲಿಲ್ಲ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಉತ್ತರ ಗೊತ್ತಿಲ್ಲದೆ ಸುಮ್ಮನಿದ್ದಾರೆ ಅಂದುಕೊಂಡಿರಬೇಕು. ನಾನೂ ಸುಮ್ಮನಿದ್ದರೆ ಸಾಕಿತ್ತು, ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ. ಅಷ್ಟರಲ್ಲಿ ಅವರಿಗೆ ಆ ಮೌನದ ವಾಸನೆ ಹತ್ತಿತು. ತಟ್ಟನೆ ತಿರುಗಿ ನನ್ನ ಬಾಯಿಯ ಕಡೆ ನೋಡಿದರು.

ಹೇಳಿದೆ. ನಾನು ಏನನ್ನೋ ಯೋಚಿಸಿ ಹೇಳಿದ್ದಲ್ಲ. ಹಾಗೆ ನೋಡುತ್ತಿರುವವರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಆಗಲಿಲ್ಲ. “‘ಪುಷ್ ಹಾರ್ಡ್’ನಲ್ಲೂ ಹಾರ್ಡ್ ಗುಣವಾಚಕಾನಾ ಅಂತ ಸರ್ ಕೇಳ್ತಿದಾರೆ ಮೇಡಂ” ಎಂದು ಬಿಡಿಸಿ ಬಿಡಿಸಿ ಹೇಳಿದೆ.

“ಅಲ್ಲ ಸರ್” ಅಂದರು ಅವರು, ಒಂಚೂರೂ ಗಲಿಬಿಲಿಯಾಗದೆ. “ಅಲ್ಲಿ ಅದು ಕ್ರಿಯಾವಿಶೇಷಣ. ತಳ್ಳೋದರ ಬಗ್ಗೆ ಹೇಳುತ್ತೆ, ಮೇಜಿನ ಬಗ್ಗೆ ಅಲ್ಲ. ಆದ್ರೆ ಅದರ ಹೆಸರನ್ನ ಈ ಮೇಡಂ ಐದನೇ ಕ್ಲಾಸಲ್ಲಿ ಹೇಳಿಕೊಡ್ತಾರೆ. ನನಗಿಂತ ಚೆನ್ನಾಗಿ ಹೇಳಿಕೊಡ್ತಾರೆ. ಅಲ್ಲೀವರೆಗೆ ಮಕ್ಕಳು ಮೇಜು ತಳ್ಳಲಿ ಬಿಡಿ.”

ಅಧಿಕಾರಿಯೇ ಮೊದಲು ನಕ್ಕರು. ಆಯ್ಕೆ ಯಾರದಾಯಿತೆಂದು ಹೇಳಬೇಕಾಗಿಲ್ಲ. ಹೊರಗೆ ಬಂದಾಗ ಅವರು ನನ್ನ ಕೈ ಹಿಡಿದು ಅಮುಕಿದರು. ಸೋತದ್ದಕ್ಕಿಂತ ನನಗೆ ಚುಚ್ಚಿದ್ದು ‘ನನಗಿಂತ ಚೆನ್ನಾಗಿ’ ಅನ್ನುವ ಮಾತು. ಅಷ್ಟು ಜನರ ಮುಂದೆ ಅಷ್ಟು ಸಲೀಸಾಗಿ ಇನ್ನೊಬ್ಬರನ್ನು ಹೊಗಳುವುದು ನನ್ನಿಂದ ಆಗುತ್ತಿರಲಿಲ್ಲ.

ಅವರು ವಾರಕ್ಕೆ ಮೂರು ದಿನ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಅಂತ ಸುತ್ತತೊಡಗಿದರು. ಆ ದಿನಗಳಲ್ಲಿ ಒಂದನೇ ತರಗತಿ ನನ್ನದಾಯಿತು. ಕೊನೆಗೂ ಬಂತು ಅಂದುಕೊಂಡು ಹೋದೆ. ಮಕ್ಕಳು ಎದ್ದು ನಿಂತು ನಮಸ್ತೆ ಹೇಳಿದವು. ನಾನು ಬೋರ್ಡಿನ ಕಡೆ ತಿರುಗಿ ಚಿತ್ರ ಬರೆಯುತ್ತಾ, “ವಾಟ್ ಈಸ್ ದಿಸ್?” ಎಂದು ಕೇಳಿದೆ. ಒಂದೂ ಉಸಿರೆತ್ತಲಿಲ್ಲ. ಮತ್ತೆ ಕೇಳಿದೆ. ಇಲ್ಲ. ನಿನ್ನೆಯವರೆಗೂ ಗಂಟಲು ಬಿಟ್ಟು ಮಾತಾಡುತ್ತಿದ್ದ ಮಕ್ಕಳು ಇವೇ. ಅವರಿಲ್ಲದ್ದಕ್ಕೆ ನನ್ನ ಮೇಲೆ ಮುನಿಸು ತೋರಿಸುತ್ತಿವೆ ಅಂದುಕೊಂಡೆ, ಮೈಯೆಲ್ಲ ಉರಿಯಿತು. ಸೀಮೆಸುಣ್ಣ ಇಟ್ಟು ತಿರುಗಿದೆ. ತಿರುಗಿದ್ದೇ ತಡ, ಅಷ್ಟೂ ಮಕ್ಕಳು ಒಟ್ಟಿಗೆ “ಇಟ್ ಈಸ್ ಎ ಕೌ” ಅಂದವು.

“ಆಗಲೇ ಕೇಳಿದ್ನಲ್ಲ, ಯಾಕೆ ಹೇಳ್ಲಿಲ್ಲ?”

ಮಕ್ಕಳು ಒಂದರ ಮುಖ ಒಂದು ನೋಡಿಕೊಂಡವು. ಕೊನೆಗೆ ಮುಂದೆ ಕೂತಿದ್ದ ಮುಬೀನಾ ಅನ್ನುವ ಹುಡುಗಿ ಎದ್ದಳು. “ಮಿಸ್ ಆ ಕಡೆ ತಿರುಗಿದಾಗ ಹೇಳಬಾರದು ಮಿಸ್. ಚಿಂತಾಮಣಿ ಮಿಸ್‌ಗೆ ಕೇಳಲ್ಲ.”

“ಯಾರಮ್ಮ ಹೇಳಿದ್ದು ನಿಮಗೆ? ಅವರೇ ಹೇಳಿದ್ರಾ?”

“ಯಾರೂ ಹೇಳ್ಲಿಲ್ಲ. ನಮಗೆ ಗೊತ್ತು.”

“ಮನೇಲಿ ಹೇಳಿದೀರಾ?”

“ಇಲ್ಲ ಮಿಸ್. ಹೇಳಿದ್ರೆ ಮಿಸ್‌ಗೆ ಬೇಜಾರಾಗುತ್ತೆ.” ಸ್ವಲ್ಪ ತಡೆದು, “ನೀವೂ ಅವರಿಗೆ ಹೇಳ್ಬೇಡಿ, ನಮಗೆ ಗೊತ್ತು ಅಂತ” ಅಂದಳು. ಉಳಿದವೆಲ್ಲ ಹೌದೆಂದು ತಲೆಯಾಡಿಸಿದವು.

ಅವರ ಗುಟ್ಟನ್ನು ಕಾಪಾಡುತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಗೂಡ್ಸ್ ಗಾಡಿಯ ಮುಂದಿನಿಂದ ಎಳೆದವಳು, ಹಾಲಿನಲ್ಲಿ ಪ್ರಶ್ನೆ ಮುಟ್ಟಿಸಿದವಳು ಎಂದು ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ಶರ್ಟಿನ ತೋಳಿನಲ್ಲಿ ಮೂಗೊರೆಸಿಕೊಳ್ಳುವ ಈ ಮಕ್ಕಳು ಯಾರೂ ಹೇಳಿಕೊಡದೆ, ತಮ್ಮತಮ್ಮಲ್ಲೂ ಮಾತಾಡಿಕೊಳ್ಳದೆ, ಅವರು ತಿರುಗಿದಾಗಲೆಲ್ಲ ಬಾಯಿ ಮುಚ್ಚಿ ಕಾಯುತ್ತಿದ್ದವು. ಅದೇ ಅಭ್ಯಾಸದಲ್ಲಿ, ಎರಡು ಕಿವಿಯೂ ಸರಿಯಿರುವ ನನಗಾಗಿ ಕೂಡ ಕಾದಿದ್ದವು. ಆ ಮಧ್ಯಾಹ್ನ ಆದಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅವರು ಆ ವರ್ಷದ ಕೊನೆಗೆ ಚಿಂತಾಮಣಿಯ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ದಿನ ಗಾಡಿಯಲ್ಲಿ ನನ್ನ ಎದುರು ಕೂತು, “ನೋಡಿದ್ರಾ ಮೇಡಂ, ಒಂದು ನರಪಿಳ್ಳೆಗೂ ಗೊತ್ತಾಗದ ಹಂಗೆ ನಿಭಾಯಿಸಿದೆ” ಎಂದು ನಕ್ಕರು. ಗೆದ್ದವರ ನಗು. ನಾನು ಹೌದು ಅಂದೆ. ಮಕ್ಕಳ ಮಾತು ಉಳಿಸಬೇಕಿತ್ತು, ಅದು ನಿಜ. ಆದರೆ ಅಷ್ಟೇ ಅಲ್ಲ. ಮಕ್ಕಳು ಅವರನ್ನು ಅಷ್ಟೊಂದು ಪ್ರೀತಿಸುತ್ತಿದ್ದವು ಅನ್ನುವುದು ಅವರಿಗೆ ನನ್ನ ಬಾಯಿಂದ ತಿಳಿಯುವುದು ನನಗೆ ಬೇಕಿರಲಿಲ್ಲ.